ಸ್ಟಿಕ್ಕರಿನ ಕೆಳಗಿನ ಗೀರು

ಗುಂಡಿ ಒತ್ತಿದೆ. ಒಳಗಿನ ಫ್ಯಾನು ಗುಂಯ್ ಎಂದಿತು. ಪರದೆ ಕಪ್ಪಾಗಿಯೇ ಉಳಿಯಿತು. ಕೀಬೋರ್ಡಿನ ಎಡಗಡೆಯ ಪುಟ್ಟ ದೀಪ ಮೂರು ಸಲ ನಿಧಾನಕ್ಕೆ, ಎರಡು ಸಲ ಬೇಗಬೇಗ ಮಿಣುಕಿತು. ಆಮೇಲೆ ಎಲ್ಲ ಆರಿಹೋಯಿತು.

"ಎಂತ ಆತು ಸಬಿಹಾ?" ಎಂದರು ನರ್ಮದಕ್ಕ.

"ಇನ್ನೂ ಏನೂ ಆಗಿಲ್ರಿ. ಈಗ ಶುರು ಮಾಡ್ತಿದೀನಿ."

ದನಿ ಒರಟಾಯಿತು ಅಂತ ನನಗೇ ಅನ್ನಿಸಿತು. ಏನು ಮಾಡಲಿ, ಹೊತ್ತಿರಲಿಲ್ಲ. ಶುಕ್ರವಾರ ಬೆಳಗಿನ ಹತ್ತೂವರೆ. ಸಂಜೆ ಐದಕ್ಕೆ ಕಲೀಂನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ನರ್ಮದಕ್ಕ ಠಾಣೆಗೆ ಹೋಗಿ ತಮ್ಮ ಹೇಳಿಕೆ ಬರೆಸಬೇಕು. ಕಲೀಂ ಸತ್ಯವಂತ ಅಂತಲೋ, ಸುಳ್ಳುಗಾರ ಅಂತಲೋ. ಅದನ್ನು ತೀರ್ಮಾನಿಸಬೇಕಾದದ್ದು ನನ್ನ ಮೇಜಿನ ಮೇಲೆ ಸತ್ತು ಮಲಗಿದ್ದ ಈ ಲ್ಯಾಪ್‌ಟಾಪು.

ಲ್ಯಾಪ್‌ಟಾಪು ಅವರ ಗಂಡನದು. ಸೊರಬದ ಸರ್ವೆಯರ್ ನಾಗಪತಿ ಮಂಗಳವಾರ ಮಧ್ಯಾಹ್ನ ಮೂರರ ಸುಮಾರಿಗೆ ಬಂದಳಿಕೆ ಹತ್ತಿರ ಕೆರೆ ಏರಿಯ ಕೆಳಗೆ ತಲೆ ಒಡೆದುಕೊಂಡು ಬಿದ್ದಿದ್ದರು. ಯಾರೋ ಹಿಂದಿನಿಂದ ಹೊಡೆದ ಪೆಟ್ಟು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಇನ್ನೂ ಎಚ್ಚರ ಬಂದಿಲ್ಲ. ಒಂಬತ್ತು ವರ್ಷದಿಂದ ಅವರ ಹಿಂದೆ ಅಳತೆ ಕೋಲು ಹಿಡಿದು ಓಡಾಡುತ್ತಿದ್ದ ಕಲೀಂನನ್ನು ಪೊಲೀಸರು ನಿನ್ನೆ ಸಂಜೆ ಹಿಡಿದು ಕೂರಿಸಿದ್ದಾರೆ.

ಕಲೀಂ ಹೇಳುವುದು ಒಂದೇ ಮಾತು. ಮಂಗಳವಾರ ಬೆಳಿಗ್ಗೆ ಸಾಹೇಬರ ಲ್ಯಾಪ್‌ಟಾಪು ಸ್ಟಾರ್ಟ್ ಆಗಲಿಲ್ಲ. ಸೊರಬದಲ್ಲಿ ಮಾಳೇಶನ ರಿಪೇರಿ ಅಂಗಡಿಗೇ ಕೊಟ್ಟು ಬಾ ಎಂದು ಅವನನ್ನು ಕಳಿಸಿದರು. ಅಂಗಡಿ ಮುಚ್ಚಿತ್ತು. ಸಂಜೆಯವರೆಗೆ ಅಲ್ಲೇ ಕಾದ, ಮರುದಿನ ಕೊಟ್ಟ. ಮೂರು ಗಂಟೆಗೆ ಅವನು ಬಂದಳಿಕೆಯಲ್ಲಿ ಇರಲೇ ಇಲ್ಲ.

ಅವನು ಕಾದದ್ದನ್ನು ಕಂಡವರಿಲ್ಲ. ಅವನ ಫೋನು ಅಂದು ಎಲ್ಲೆಲ್ಲಿತ್ತು ಎನ್ನುವ ವಿವರ ಬರಲು ದಿನ ಹಿಡಿಯುತ್ತದೆ. ಲ್ಯಾಪ್‌ಟಾಪು ಚೆನ್ನಾಗಿಯೇ ಇತ್ತು, ಹೊಡೆದು ಬಂದ ಮೇಲೆ ಇವನೇ ಕೆಡಿಸಿ ಕತೆ ಕಟ್ಟಿದ್ದಾನೆ ಎನ್ನುವುದು ಪೊಲೀಸರ ಅನುಮಾನ.

"ಮಾಳೇಶ ಬೋರ್ಡೇ ಹೋಗಿದೆ ಅಂದ," ನರ್ಮದಕ್ಕ ಹೇಳಿದರು. "ನಾನು ಆಸೆ ಬಿಟ್ಟಿದ್ದೆ. ನನ್ನ ತಮ್ಮನೇ ಹೇಳಿದ, ಶಿಕಾರಿಪುರಕ್ಕೆ ಹೋಗಿ ಸಬಿಹಾಗೆ ತೋರ್ಸನ, ಅವಳು ಬಿಡದಿಲ್ಲ ಅಂತ."

ತಮ್ಮ ಅನೀಶ್ ಬಾಗಿಲಿಗೆ ಒರಗಿ ನಿಂತಿದ್ದ. ಮೂವತ್ತೈದರ ಆಸುಪಾಸು, ಸೊರಬದಲ್ಲಿ ಜಮೀನು ಕೊಡಿಸುವ, ಮಾರಿಸುವ ಕೆಲಸ. ಆಸ್ಪತ್ರೆಗೂ ಊರಿಗೂ ಅಕ್ಕನನ್ನು ಕಾರಿನಲ್ಲಿ ಕರೆದುಕೊಂಡು ಓಡಾಡುತ್ತಿರುವುದು ಅವನೇ. "ಸ್ಟಾರ್ಟ್ ಆದ್ರೆ ಸಾಕು ಮೇಡಂ," ಎಂದ.

ಯಂತ್ರವನ್ನು ವಿಚಾರಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಹೊರಗಿನವರನ್ನು ಕೇಳಿ ಬಿಟ್ಟುಬಿಡಬೇಕು, ಆಮೇಲೆ ಒಳಗಿನವರು.

ಅವರ ಚಾರ್ಜರ್ ತೆಗೆದು ನನ್ನದನ್ನು ಚುಚ್ಚಿದೆ. ಅದೇ ಮೂರು, ಅದೇ ಎರಡು. ಚಾರ್ಜರಿನದು ತಪ್ಪಿಲ್ಲ. ಹೊರಗಿನ ಮಾನಿಟರಿಗೆ ವೈರ್ ಕೊಟ್ಟೆ. ಅಲ್ಲೂ ಕತ್ತಲೆ. ಅಂದರೆ ಪರದೆಯೂ ಅಲ್ಲ.

ತಿರುವಿ ಹಾಕಿ ಬೆನ್ನಿನ ಸ್ಕ್ರೂ ಬಿಚ್ಚತೊಡಗಿದೆ. ಗಿರಾಕಿಯ ಎದುರೇ ಬಿಚ್ಚಬೇಕು, ಎದುರೇ ಮುಚ್ಚಬೇಕು ಎನ್ನುವುದು ನಮ್ಮಂಗಡಿಯ ಕಟ್ಟಳೆ. ಮಾಡಿದ್ದು ನನ್ನ ತಂದೆ, ಅಬ್ಬಾ. ಅಜಮತ್ ಉಲ್ಲಾ ಎಂದರೆ ಈ ಪೇಟೆಯಲ್ಲಿ ನಲವತ್ತು ವರ್ಷ ಗಡಿಯಾರ, ರೇಡಿಯೋ ರಿಪೇರಿ ಮಾಡಿದ ಕೈ. ಕಣ್ಣಿಗೆ ಪೊರೆ ಬಂದ ಮೇಲೆ ಬೆಂಚು ನನಗೆ ಬಿಟ್ಟುಕೊಟ್ಟಿದ್ದಾರೆ. ಆದರೂ ಅಂಗಡಿಗೆ ಬರದೆ ಇರಲಾರರು. ಸತ್ತ ಬಿಡಿಭಾಗಗಳನ್ನೆಲ್ಲ ಆರಿಸಿ ಬಿಸ್ಕತ್ ಡಬ್ಬಿಗೆ ಹಾಕಿ ಬೀಗ ಹಾಕುವುದು ಈಗ ಅವರ ಕೆಲಸ.

ಈ ಮಂಗಳವಾರ ನಸುಕಿನ ಬಸ್ಸಿಗೆ ಅವರು ಸಾಗರಕ್ಕೆ ಹೋದರು. ಸೋದರತ್ತೆ ರಶೀದಾ ಮನೆಯಲ್ಲಿದ್ದುಕೊಂಡು ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ನಾಗಪತಿ ಅವರಿಗೆ ಮೂವತ್ತು ವರ್ಷದ ಗೆಳೆಯ. ಇಲ್ಲಿ ನಡೆದದ್ದನ್ನು ನಾವು ಹೇಳಿಲ್ಲ. ಹೇಳಿದರೆ ಕಣ್ಣಿನ ಕಟ್ಟು ಕಿತ್ತೆಸೆದು ಬಸ್ಸು ಹತ್ತುವ ಮನುಷ್ಯ.

ಮೂರನೆಯ ಸ್ಕ್ರೂ ತೆಗೆಯುವಾಗ ನನ್ನ ಕೈ ನಿಂತಿತು.

ಸ್ಕ್ರೂವಿನ ತಲೆ ಉಜ್ಜಿಹೋಗಿತ್ತು. ಅದರ ಪಕ್ಕದ್ದೂ ಹಾಗೇ. ನಾಲ್ಕು ಮೂಲೆಯ ಸ್ಕ್ರೂವನ್ನು ಯಾರೋ ಚಪ್ಪಟೆ ಮೂತಿಯ ಸ್ಕ್ರೂಡ್ರೈವರಿನಿಂದ ಗೀಕಿ ಗೀಕಿ ತೆಗೆದಿದ್ದರು. ಮಾಳೇಶ ಕಸುಬು ಬಲ್ಲವನು. ಅವನು ಹಾಗೆ ತೆಗೆಯುವವನಲ್ಲ.

"ಇದನ್ನ ಮನೇಲಿ ಯಾರಾದ್ರೂ ಬಿಚ್ಚಿದ್ರೇನ್ರಿ?"

"ಇಲ್ಲ ಮಾರಾಯ್ತಿ. ಇವರು ಇದನ್ನ ನಮ್ಮ ಸಮೀಕ್ಷಾ ಕೈಗೂ ಕೊಡ್ತಿರ್ಲಿಲ್ಲ. ಹೆತ್ತ ಮಗಳಿಗೇ ಕೊಡದವರು ಬೇರೆಯವರಿಗೆ ಕೊಡ್ತಾರಾ?"

ಬ್ಯಾಟರಿ ಕಿತ್ತೆ. ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಬರೀ ಚಾರ್ಜರಿನ ಮೇಲೆ ಓಡಿಸಿ ನೋಡಿದೆ. ಮೂರು, ಎರಡು. ಡಿಸ್ಕನ್ನೂ ಕಿತ್ತು ಪಕ್ಕಕ್ಕಿಟ್ಟೆ. ಡಿಸ್ಕು ಕೆಟ್ಟಿದ್ದರೆ ಕೊನೆಗೆ ಕಂಪನಿಯ ಗುರುತಾದರೂ ಪರದೆಯ ಮೇಲೆ ಮೂಡಬೇಕು. ಇಲ್ಲಿ ಅದೂ ಇಲ್ಲ. ಅಂದರೆ ಯಂತ್ರ ಡಿಸ್ಕಿನ ತನಕ ಹೋಗುವ ಮೊದಲೇ ಎಡವಿ ಬೀಳುತ್ತಿದೆ.

ಉಳಿದದ್ದು ಎರಡೇ. ಒಂದು ಬೋರ್ಡು. ಇನ್ನೊಂದು ರ‍್ಯಾಮ್ ಎನ್ನುವ ಬೆರಳುದ್ದದ ಹಸಿರು ಪಟ್ಟಿ. ಯಂತ್ರ ಎದ್ದ ಕೂಡಲೇ ಮೊದಲು ತಡಕುವುದು ಅದನ್ನೇ. ಅದು ಸಿಗದಿದ್ದರೆ ಹೀಗೆ ದೀಪ ಮಿಣುಕಿಸಿ ದೂರು ಹೇಳುತ್ತದೆ.

ಪಟ್ಟಿಯನ್ನು ಹೊರಗೆ ತೆಗೆದೆ. ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ನೂರಕ್ಕೆ ಮೂವತ್ತು ಕೇಸು ಅಷ್ಟಕ್ಕೇ ಎದ್ದು ಕೂರುತ್ತವೆ. ಇದು ಏಳಲಿಲ್ಲ.

ಡ್ರಾಯರಿನಿಂದ ನನ್ನ ಒಳ್ಳೆಯ ಪಟ್ಟಿಯೊಂದನ್ನು ತೆಗೆದು ಹಾಕಿದೆ. ಡಿಸ್ಕು ಜೋಡಿಸಿದೆ. ಗುಂಡಿ ಒತ್ತಿದೆ.

ಫ್ಯಾನು ತಿರುಗಿತು. ಒಂದು, ಎರಡು, ಮೂರು ಸೆಕೆಂಡು. ಕಂಪನಿಯ ಗುರುತು ಬೆಳ್ಳಗೆ ಮೂಡಿತು.

"ಬಂತು!" ಎಂದ ಅನೀಶ್. ಬಾಗಿಲಿನಿಂದ ಮೇಜಿಗೆ ಎರಡೇ ಹೆಜ್ಜೆಗೆ ಬಂದಿದ್ದ.

ನರ್ಮದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಗಂಡ ಕಣ್ಣು ಬಿಟ್ಟಿಲ್ಲ, ಗಂಡನ ಲ್ಯಾಪ್‌ಟಾಪಾದರೂ ಕಣ್ಣು ಬಿಟ್ಟಿತಲ್ಲ ಎನ್ನುವ ಅಳು ಅದು.

ಆದರೆ ಒಂದು ಕಡೆಯ ಸಾಕ್ಷಿ ನಂಬಬಾರದು. ಕಿತ್ತಿದ್ದ ಪಟ್ಟಿಯನ್ನು ನನ್ನ ಸ್ವಂತ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಚೆನ್ನಾಗಿದ್ದ ನನ್ನ ಲ್ಯಾಪ್‌ಟಾಪೂ ಕಪ್ಪಾಗಿ ಕೂತಿತು. ಪಟ್ಟಿ ಸತ್ತಿದೆ. ಬೋರ್ಡು ಚೆನ್ನಾಗಿದೆ. ಎರಡೂ ಖಾತ್ರಿ.

"ಪಾಸ್‌ವರ್ಡ್ ನಿಮಗೆ ಗೊತ್ತೇನ್ರಿ?"

"ನಂಗೊಬ್ಬಳಿಗೇ ಗೊತ್ತಿರದು." ನರ್ಮದಕ್ಕ ಕಣ್ಣೊರೆಸಿಕೊಂಡು ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅನೀಶ್ ಅವರ ಹೆಗಲ ಮೇಲಿನಿಂದ ಬಗ್ಗಿ, "ನಿಧಾನ ಅಕ್ಕಾ, ನಿಧಾನ," ಎಂದು ಹೇಳಿಕೊಡುತ್ತಿದ್ದ.

ಯಾವಾಗ ಎದ್ದೆ, ಯಾವಾಗ ಮಲಗಿದೆ ಎಂದು ಲ್ಯಾಪ್‌ಟಾಪು ತಾನೇ ಬರೆದಿಟ್ಟುಕೊಳ್ಳುತ್ತದೆ. ಆ ದಾಖಲೆ ತೆಗೆದೆ. ಮಂಗಳವಾರ ಬೆಳಿಗ್ಗೆ ಒಂಬತ್ತೂ ಐದಕ್ಕೆ ಎದ್ದಿತ್ತು. ಒಂಬತ್ತೂ ಇಪ್ಪತ್ತಕ್ಕೆ ಬಂದ್ ಆಗಿತ್ತು. ಅಲ್ಲಿಂದ ಈಗ ನನ್ನ ಮೇಜಿನ ಮೇಲೆ ಏಳುವವರೆಗೆ ಒಂದು ಸಲವೂ ಎದ್ದಿರಲಿಲ್ಲ.

"ಹಂಗಾದ್ರೆ ಕಲೀಂ ಹೇಳಿದ್ದು ನಿಜ," ನರ್ಮದಕ್ಕ ಎದ್ದೇ ನಿಂತರು. "ಬೆಳಿಗ್ಗೆನೇ ಕೆಟ್ಟಿತ್ತು. ನಡಿಯೋ ಅನೀಶ, ಠಾಣೆಗೆ ಹೋಗನ."

"ಒಂದ್ನಿಮಿಷ ಕೂತ್ಕೊಳ್ರಿ ನರ್ಮದಕ್ಕ."

ನನಗೆ ಎರಡು ವಿಷಯ ಚುಚ್ಚುತ್ತಿದ್ದವು. ಕೆಲಸದ ನಡುವೆ ರ‍್ಯಾಮ್ ಸತ್ತರೆ ಯಂತ್ರ ಇದ್ದಲ್ಲೇ ಕಲ್ಲಾಗುತ್ತದೆ. ದಾಖಲೆಯಲ್ಲಿ ಅದರ ಗುರುತಿರುತ್ತದೆ. ಇದನ್ನು ಯಾರೋ ಕ್ರಮವಾಗಿ, ನೀಟಾಗಿ ಬಂದ್ ಮಾಡಿದ್ದರು.

ಎರಡನೆಯದು ಇನ್ನೂ ಕೆಟ್ಟದು. ಪಟ್ಟಿಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ನಾಲ್ಕು ಜಿಬಿ. ಹೋದ ವರ್ಷ ಈ ಲ್ಯಾಪ್‌ಟಾಪಿಗೆ ಎಂಟು ಜಿಬಿಯ ಹೊಸ ಪಟ್ಟಿ ಹಾಕಿದವಳು ನಾನೇ. ನಕ್ಷೆ ಬಿಡಿಸುವಾಗ ಎಳೆದಾಡುತ್ತದೆ ಎಂದು ನಾಗಪತಿಯವರೇ ಹಾಕಿಸಿಕೊಂಡಿದ್ದರು. ಮೂಲೆಗೆ ಕೆಂಪು ನೇಲ್‌ಪಾಲಿಶ್ ಚುಕ್ಕೆ ಇಟ್ಟಿದ್ದೆ. ಈ ಪಟ್ಟಿಯಲ್ಲಿ ಚುಕ್ಕೆ ಇಲ್ಲ.

"ಲ್ಯಾಪ್‌ಟಾಪ್ ಕೆಟ್ಟಿದ್ದು ನಿಜಾರಿ," ಎಂದೆ. "ಆದ್ರೆ ತಾನಾಗಿ ಕೆಟ್ಟಿದ್ದಲ್ಲ. ಯಾರೋ ಒಳ್ಳೇದನ್ನ ತೆಗೆದು ಸತ್ತಿದ್ದನ್ನ ಹಾಕಿದಾರೆ."

ನರ್ಮದಕ್ಕ ನಿಧಾನಕ್ಕೆ ಕೂತರು. "ಯಾರು?"

"ಒಂದು ದಿನ ಕಲೀಂ ಕೈಯಾಗಿತ್ತು. ಒಂದು ದಿನ ಮಾಳೇಶನ ಕೈಯಾಗಿತ್ತು."

"ಒಂಬತ್ತು ವರ್ಷ ನನ್ನ ಕೈಯಲ್ಲಿ ಉಂಡವನು ಅವನು. ಇವರಿಗೆ ಜ್ವರ ಬಂದ್ರೆ ನಂಗಿಂತ ಮೊದ್ಲು ಆಸ್ಪತ್ರೆಗೆ ಓಡವನು." ಅವರ ದನಿ ಒಡೆಯಿತು. "ನಾನು ಹೋಗಿ ಎಂತ ಅಂತ ಬರೆಸ್ಲಿ ಸಬಿಹಾ? ಅವನು ನಿಜ ಹೇಳ್ತಿದ್ದು, ನಾನು ತಪ್ಪು ಬರೆಸಿದ್ರೆ ಅವನ ಬಾಳು ಹೋತು. ಅವನು ಸುಳ್ಳು ಹೇಳ್ತಿದ್ದು, ನಾನು ಬಿಡಿಸಿದ್ರೆ ಇವರಿಗೆ ಹೊಡೆದವನನ್ನ ನಾನೇ ಬಿಟ್ಟಂಗೆ ಆತು."

ಉತ್ತರ ಸೊರಬದಲ್ಲಿತ್ತು.

"ನಾ ಹೋಗಿ ಮಾಳೇಶನ್ನ ಕೇಳ್ಕೊಂಡು ಬರ್ತೀನಿ. ನಾ ಫೋನ್ ಮಾಡೋವರೆಗೂ ಠಾಣೆಗೆ ಹೋಗ್ಬೇಡ್ರಿ."

"ಇಲ್ಲೇ ಪೇಟೇಲಿ ನಮ್ಮ ಶಕುಂತಲಮ್ಮ ಚಿಕ್ಕಮ್ಮನ ಮನೆಯಿದೆ. ಅಲ್ಲಿರ್ತೀವಿ," ಎಂದ ಅನೀಶ್. ನಾನು ನನ್ನ ಪಟ್ಟಿಯನ್ನು ವಾಪಸು ತೆಗೆಯಲು ಸ್ಕ್ರೂಡ್ರೈವರ್ ಎತ್ತಿದಾಗ ಅವನೇ ತಡೆದ. "ಅದು ಇರ್ಲಿ ಮೇಡಂ. ಠಾಣೇಲಿ ಸ್ಟಾರ್ಟ್ ಮಾಡಿ ತೋರಿಸ್ಬೇಕಲ್ಲ."

ಮಾತು ಸರಿಯಾಗಿಯೇ ಇತ್ತು. ಲ್ಯಾಪ್‌ಟಾಪು ತನ್ನ ಕೈಯಲ್ಲೇ ಇರಲಿ ಎಂದು ನರ್ಮದಕ್ಕ ಅದನ್ನು ಮಗುವಿನಂತೆ ಎದೆಗೆ ಒತ್ತಿ ಹಿಡಿದು ಕಾರು ಹತ್ತಿದರು. ನಾನು ಸತ್ತ ಪಟ್ಟಿಯನ್ನು ಖಾಲಿ ಮಾತ್ರೆ ಡಬ್ಬಿಗೆ ಹಾಕಿಕೊಂಡು ಸ್ಕೂಟರ್ ಏರಿದೆ.

ಶಿರಾಳಕೊಪ್ಪ ದಾಟುವವರೆಗೂ ಮಾಳೇಶನನ್ನು ಮನಸ್ಸಿನಲ್ಲೇ ಬಯ್ದೆ. ಅವನು ಹೊರಗಿನವನಲ್ಲ. ಆರು ವರ್ಷ ಅಬ್ಬಾನ ಬೆಂಚಿನಲ್ಲಿ ನನ್ನ ಪಕ್ಕ ಕೂತು ಕಸುಬು ಕಲಿತವನು. ಅಬ್ಬಾನನ್ನು ಉಸ್ತಾದ್ ಎಂದೇ ಕರೆಯುವವನು. ಹಬ್ಬಕ್ಕೆ ಬಂದು ಕಾಲು ಮುಟ್ಟಿ ಹೋಗುವವನು. ಅಂಥವನು ಗಿರಾಕಿಯ ಪಟ್ಟಿ ಕದ್ದು, ಚೆನ್ನಾಗಿರುವ ಬೋರ್ಡನ್ನು ಹೋಗಿದೆ ಎನ್ನುವುದೆಂದರೆ! ರಸ್ತೆಯ ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಕಣ್ಣಿಗೆ ಏನೂ ಹತ್ತಲಿಲ್ಲ.

ಸೊರಬ ತಲುಪಿದಾಗ ಒಂದು ಗಂಟೆ. ಮಾಳೇಶ ಅಂಗಡಿಯಲ್ಲಿ ಒಬ್ಬನೇ ಇದ್ದ. ನನ್ನನ್ನು ಕಂಡವನು ಎದ್ದು ನಿಂತ.

"ಬಾ ಸಬಿಹಕ್ಕ. ಉಸ್ತಾದರ ಕಣ್ಣು ಹೆಂಗಿದೆ?"

ಮಾತ್ರೆ ಡಬ್ಬಿ ತೆರೆದು ಪಟ್ಟಿಯನ್ನು ಅವನ ಮೇಜಿನ ಮೇಲಿಟ್ಟೆ. "ಇದು ಯಾವುದು?"

ಅವನು ನೋಡಿದ. ಮುಖ ಸಣ್ಣದಾಯಿತು.

"ನಾಗಪತಿ ಸಾಹೇಬ್ರ ಲ್ಯಾಪ್‌ಟಾಪ್ನಾಗೆ ನಾನು ಹಾಕಿದ ಎಂಟು ಜಿಬಿ ಎಲ್ಲಿ ಮಾಳೇಶ?"

"ನಂಗೊತ್ತಿಲ್ಲ ಅಕ್ಕ."

"ಬೋರ್ಡ್ ಹೋಗಿದೆ ಅಂದೆ. ಬೋರ್ಡ್ ಕಲ್ಲಿನಂಗೆ ಐತಿ. ಬೇರೆ ರ‍್ಯಾಮ್ ಹಾಕಿದ್ರೆ ಮೂರು ಸೆಕೆಂಡಿಗೆ ಎದ್ದು ಕೂತ್ಕೊಳ್ತು. ಆರು ವರ್ಷ ಕಲ್ತವನಿಗೆ ಅಷ್ಟು ನೋಡಕ್ ಬರಲ್ವಾ?"

"ಬರತ್ತೆ."

"ಬರತ್ತೆ ಅಂದ್ರೆ? ಗೊತ್ತಿದ್ದೂ ಸುಳ್ಳು ಹೇಳಿದ್ಯಾ?"

"ಹೌದು."

ಬೈಗುಳವೆಲ್ಲ ಬಾಯಲ್ಲೇ ನಿಂತಿತು. ಅವನು ಎದ್ದು ಹೋಗಿ ಶಟರನ್ನು ಅರ್ಧ ಎಳೆದು ಬಂದ.

"ಅಲ್ಲಿ ಒಬ್ಬ ಮನುಷ್ಯ ಲಾಕಪ್ಪಿನಾಗೆ ಕೂತಿದಾನೆ. ನಿನ್ನ ಸುಳ್ಳು ಅವನ ಕುತ್ತಿಗೆಗೆ ಬರ್ತೈತಿ. ಮಂಗಳವಾರ ಅಂಗಡಿ ಮುಚ್ಚಿದ್ದು ನಿಜಾನಾ?"

"ನಿಜ ಅಕ್ಕ. ನಮ್ಮವ್ವ ಹಾಲಮ್ಮಂದು ಮಂಡಿ ನೋವು ಜೋರಾಗಿತ್ತು, ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಕಲೀಂ ಬುಧವಾರ ಬೆಳಿಗ್ಗೆ ಬಂದ. ಅವನ ಎದುರೇ ಬಿಚ್ಚಿದೆ. ಬಿಚ್ಚಿದ ಕೂಡ್ಲೇ ಫೋಟೋ ತೆಗೆದೆ, ಉಸ್ತಾದರು ಹೇಳಿಕೊಟ್ಟಂಗೆ." ಫೋನು ತೆಗೆದು ನನ್ನ ಮುಂದೆ ಹಿಡಿದ.

ಬುಧವಾರ, ಬೆಳಿಗ್ಗೆ ಹತ್ತೂ ಏಳು. ಲ್ಯಾಪ್‌ಟಾಪಿನ ಒಡಲು ತೆರೆದಿದೆ. ಪಟ್ಟಿಯ ಮೇಲಿನ ಅಕ್ಷರ ದೊಡ್ಡದು ಮಾಡಿ ನೋಡಿದೆ. ನಾಲ್ಕು ಜಿಬಿ. ಉಜ್ಜಿಹೋದ ಸ್ಕ್ರೂಗಳೂ ಪಕ್ಕದ ತಟ್ಟೆಯಲ್ಲಿದ್ದವು. ಅವನ ಕೈಗೆ ಬರುವ ಮೊದಲೇ ಪಟ್ಟಿ ಬದಲಾಗಿತ್ತು.

ಮಾಳೇಶನಲ್ಲ ಎಂದರೆ ಉಳಿದವನು ಕಲೀಂ ಒಬ್ಬನೇ. ನರ್ಮದಕ್ಕನಿಗೆ ಇದನ್ನು ಹೇಗೆ ಹೇಳಲಿ?

"ಮತ್ತೆ ಸುಳ್ಳು ಯಾಕೆ ಹೇಳಿದೆ?" ಎಂದೆ.

ಮಾಳೇಶ ನನ್ನ ಮುಖ ನೋಡಿದ. ಸಿಟ್ಟೂ ಅಲ್ಲದ, ಮರುಕವೂ ಅಲ್ಲದ ನೋಟ. "ನಿಂಗೆ ನಿಜವಾಗ್ಲೂ ಗೊತ್ತಿಲ್ವಾ ಅಕ್ಕ? ಗೊತ್ತಿದ್ದೇ ನನ್ನನ್ನ ಪರೀಕ್ಷೆ ಮಾಡಕ್ ಬಂದಿದೀಯ ಅಂದ್ಕಂಡೆ."

"ಏನು ಗೊತ್ತಿರಬೇಕು?"

"ಸ್ಟಿಕ್ಕ‌ರ್ ಎತ್ತಿ ನೋಡು."

ಉಗುರಿನಿಂದ ಪಟ್ಟಿಯ ಸ್ಟಿಕ್ಕರಿನ ಮೂಲೆ ಎತ್ತಿದೆ. ಅದು ಸಲೀಸಾಗಿ ಎದ್ದಿತು, ಮೊದಲೇ ಯಾರೋ ಎತ್ತಿ ಮತ್ತೆ ಅಂಟಿಸಿದಂತೆ. ಅದರ ಕೆಳಗೆ, ಕಪ್ಪು ಚಿಪ್ಪಿನ ಮೇಲೆ, ಸೂಜಿಯಿಂದ ಎಳೆದ ಎರಡು ಗೀರು. ಒಂದನ್ನೊಂದು ಅಡ್ಡ ಹಾಯ್ದಿದ್ದವು. ಪಕ್ಕದಲ್ಲಿ ಒಂದು ಚುಕ್ಕೆ.

ಆ ಗೀರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಗಡಿಯಾರದ ಮುಚ್ಚಳದ ಒಳಗೆ, ರೇಡಿಯೋ ಡಬ್ಬದ ತಳದಲ್ಲಿ. ಬಿಡಿಭಾಗ ಸತ್ತಿದೆ ಎಂದು ಖಾತ್ರಿಯಾದ ದಿನ ಅಬ್ಬಾ ಅದರ ಮೇಲೆ ಸೂಜಿಯಿಂದ ಅಡ್ಡಗೀರು ಎಳೆಯುತ್ತಾರೆ. ಅಪ್ಪಿತಪ್ಪಿಯೂ ಅದು ಇನ್ನೊಬ್ಬ ಗಿರಾಕಿಯ ಸಾಮಾನಿಗೆ ಹೋಗಬಾರದು ಎಂದು. ಚುಕ್ಕೆ ಅವರ ಸಹಿ. ಗಿರಾಕಿಯ ಕಣ್ಣಿಗೆ ಬೀಳದಂತೆ ಒಳಗಡೆ ಹಾಕುವುದು ಹಳೆಯ ಗಡಿಯಾರದವರ ರೂಢಿ. ಗೀರು ಬಿದ್ದದ್ದು ಬಿಸ್ಕತ್ ಡಬ್ಬಿಗೆ ಹೋಗುತ್ತದೆ. ಡಬ್ಬಿಯ ಬೀಗದ ಕೈ ಅಬ್ಬಾನ ಸೊಂಟದಲ್ಲಿರುತ್ತದೆ.

ಇದು ನನ್ನ ಅಂಗಡಿಯ ಸತ್ತ ಪಟ್ಟಿ. ಬೇರೆಯವರ ಅಂಗಡಿಗೆ ಕಳ್ಳನನ್ನು ಹುಡುಕಿಕೊಂಡು ನಲವತ್ತು ಕಿಲೋಮೀಟರು ಬಂದಿದ್ದೆ. ನನ್ನ ಮನೆಯ ಗುರುತು ನನಗೇ ಕಾಣಲಿಲ್ಲ.

"ನೀನೋ ಉಸ್ತಾದರೋ ಸತ್ತ ಮಾಲು ಹಾಕಿ ಸಾಹೇಬ್ರಿಗೆ ಮೋಸ ಮಾಡಿದೀರಿ ಅನ್ಕಂಡೆ," ಮಾಳೇಶ ನೆಲ ನೋಡುತ್ತ ಹೇಳಿದ. "ರ‍್ಯಾಮ್ ಹೋಗಿದೆ ಅಂದ್ರೆ ಅವರ ಮನೆಯವರು ಅದನ್ನ ನಾಕು ಜನಕ್ಕೆ ತೋರಿಸ್ತಾರೆ. ಈ ಗೀರು ಎಂತದು ಅಂತ ಕಸುಬಿನವರಿಗೆಲ್ಲ ಗೊತ್ತು. ಉಸ್ತಾದರ ಹೆಸರು ಹೋಗ್ತಿತ್ತು. ಅದಕ್ಕೇ ಬೋರ್ಡ್ ಹೋಗಿದೆ ಅಂದೆ. ಬೋರ್ಡ್ ಹೋತು ಅಂದ್ರೆ ಯಾರೂ ಮತ್ತೆ ಬಿಚ್ಚದಿಲ್ಲ."

"ಒಂದು ಫೋನ್ ಮಾಡಿ ಕೇಳಬಾರದಿತ್ತೇನೋ?"

"ಉಸ್ತಾದರನ್ನ? 'ನೀವು ಮೋಸ ಮಾಡಿದ್ರಾ' ಅಂತ ನಾನು ಕೇಳದಾ?" ಅವನ ಕಣ್ಣು ತುಂಬಿದ್ದವು. "ನಾಲಿಗೆ ಏಳ್ಲಿಲ್ಲ ಅಕ್ಕ."

ನನಗೂ ಏಳಲಿಲ್ಲ. ಆದರೂ ಸಾಗರಕ್ಕೆ ಫೋನು ಹಚ್ಚಿದೆ. ಸೋದರತ್ತೆ ರಶೀದಾ ಎತ್ತಿ, ಇನ್ನೂ ಕಟ್ಟು ಬಿಚ್ಚಿಲ್ಲ, ಹೆಚ್ಚು ಮಾತಾಡಿಸಬೇಡ ಎಂದು ಎಚ್ಚರಿಸಿ ಅಬ್ಬಾನ ಕೈಗೆ ಕೊಟ್ಟಳು. ನಮ್ಮ ಮನೆಮಾತು ಉರ್ದು. ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಬ್ಬಾ, ಬಿಸ್ಕತ್ ಡಬ್ಬಿಯಿಂದ ಯಾರಾದ್ರೂ ಒಂದು ರ‍್ಯಾಮ್ ತಗೊಂಡ್ರಾ?"

ಅಬ್ಬಾ ದನಿ ತಗ್ಗಿಸಿದರು.

"ನಿನಗೆ ಯಾರು ಹೇಳಿದರು ಬೇಟಿ?"

"ಕೊಟ್ಟಿದ್ದು ಹೌದೋ ಅಲ್ಲವೋ?"

"ಕೊಟ್ಟೆ. ಯಾರಿಗೂ ಹೇಳೋದಿಲ್ಲ ಅಂತ ಮಾತೂ ಕೊಟ್ಟೆ. ನಿನಗೂ ಹೇಳಬಾರದು ಅಂದಿದ್ದರು."

"ಯಾರಿಗೆ? ಕಲೀಂಗಾ?"

"ಕಲೀಂಗೆ ಯಾಕೆ? ಸಾಹೇಬರಿಗೇ. ನಾಗಪತಿ."

ಫೋನನ್ನು ಸ್ಪೀಕರಿಗೆ ಹಾಕಿದೆ.

"ಸೋಮವಾರ ಸಂಜೆ ನೀನು ನಿನ್ನ ಗೆಳತಿ ಆಸ್ಮಾಳ ಮನೆಗೆ ಹೋಗಿದ್ದೆಯಲ್ಲ, ಆಗ ಬಂದರು. ಬಂದಳಿಕೆ ಕಡೆ ಕೆರೆಯ ಗಡಿ ಅಳೆದಿದ್ದೀನಿ, ಲೆಕ್ಕವೆಲ್ಲ ಇದರೊಳಗಿದೆ ಅಂದರು. ಬುಧವಾರ ಮೇಲಿನವರ ಕೈಗೆ ಕೊಡುವವರೆಗೆ ಇದು ಏಳಬಾರದು, ಸತ್ತ ರ‍್ಯಾಮ್ ಇದ್ದರೆ ಕೊಡಿ ಅಂದರು. ಬಚ್ಚಿಟ್ಟರೆ ಹುಡುಕುತ್ತಾರೆ ಅಜಮತ್ ಭಾಯ್, ಕೆಟ್ಟ ಲ್ಯಾಪ್‌ಟಾಪನ್ನು ಯಾರೂ ಮುಟ್ಟುವುದಿಲ್ಲ ಅಂತ ನಕ್ಕರು. ಹೇಗೆ ಬದಲಾಯಿಸಬೇಕು ಅಂತ ತೋರಿಸಿ, ನನ್ನ ಗಡಿಯಾರದ ಸ್ಕ್ರೂಡ್ರೈವರನ್ನೂ ಕೊಟ್ಟು ಕಳಿಸಿದೆ."

ಗಡಿಯಾರದ ಸ್ಕ್ರೂಡ್ರೈವರು. ಚಪ್ಪಟೆ ಮೂತಿ.

ಲ್ಯಾಪ್‌ಟಾಪನ್ನು ಕೆಡಿಸಿದವರು ಅದರ ಯಜಮಾನರೇ. ಮಂಗಳವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ನೀಟಾಗಿ ಬಂದ್ ಮಾಡಿ, ಗೀಕಿ ಗೀಕಿ ಸ್ಕ್ರೂ ತೆಗೆದು, ಒಳ್ಳೆಯದನ್ನು ಕಿತ್ತು ಸತ್ತದ್ದನ್ನು ಹಾಕಿ, ಕಲೀಂನ ಕೈಗೆ ಕೊಟ್ಟು ಸೊರಬಕ್ಕೆ ಅಟ್ಟಿದ್ದರು. ಕಲೀಂ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ. ಆ ಕ್ಷಣಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದರೆ ಮಾಳೇಶನ ಬೆನ್ನಿಗೆ ಒಂದು ಗುದ್ದಿದೆ.

"ಮಾಳೇಶನಿಗೇ ಕೊಡಿಸಿ ಅಂತ ನಾನೇ ಹೇಳಿದೆ," ಅಬ್ಬಾ ಮುಂದುವರಿಸಿದರು. "ಅವನು ನನ್ನ ಗೀರು ನೋಡುತ್ತಾನೆ, ನೋಡಿದ ಕೂಡಲೇ ಲ್ಯಾಪ್‌ಟಾಪನ್ನು ಕೈಬಿಡದೆ ನನಗೆ ಫೋನು ಮಾಡುತ್ತಾನೆ ಅಂದೆ. ಯಾಕೋ ಮಾಡಲೇ ಇಲ್ಲ. ಎಲ್ಲಿದೆ ಬೇಟಿ ಅದು? ಸಾಹೇಬರು ಚೆನ್ನಾಗಿದ್ದಾರಲ್ಲ?"

ಮಾಳೇಶ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕುಳಿತ. ಉಸ್ತಾದರ ಮೇಲಿನ ಭಕ್ತಿಯೇ ಉಸ್ತಾದರ ಉಪಾಯವನ್ನು ಕೆಡಿಸಿತ್ತು.

ಆ ಎರಡೂ ಪ್ರಶ್ನೆಯನ್ನು ದಾಟಿ ನಾನೇ ಕೇಳಿದೆ. "ಯಾರ ಕೈಗೆ ಸಿಗಬಾರದು ಅಂತ ಹೇಳಿದ್ರಾ ಅಬ್ಬಾ?"

"ಹೇಳುವುದಕ್ಕೇ ನಾಚಿಕೆಪಟ್ಟರು ಪಾಪ. ಮನೆಯ ಮಾತು ನೋಡು. ಹೆಂಡತಿಗೆ ತಿಳಿದರೆ ನೊಂದುಕೊಳ್ಳುತ್ತಾಳೆ ಅಂದರು. ಕೆರೆಯ ಜಾಗದಲ್ಲಿ ನಿವೇಶನ ಮಾಡಿ ಮಾರುತ್ತಿರುವುದು ಅವರ ಭಾವಮೈದನಂತೆ. ಅನೀಶನ ಕೈಗೆ ಮಾತ್ರ ಸಿಗಬಾರದು ಅಂದರು."

ಶಟರಿನ ಕೆಳಗಿನಿಂದ ಬಿಸಿಲು ಒಳಗೆ ಬರುತ್ತಿತ್ತು. ಬೆಳಗಿನ ಅನೀಶ್ ನನ್ನ ಕಣ್ಣಿಗೆ ಕಟ್ಟಿದ. ಸಬಿಹಾ ಬಿಡುವುದಿಲ್ಲ ಎಂದು ನನ್ನ ಹೆಸರು ಹೇಳಿ ಕರೆತಂದವನು. ಅಕ್ಕನ ಹೆಗಲ ಮೇಲಿನಿಂದ ಬಗ್ಗಿ ಒಂದೊಂದೇ ಅಕ್ಷರ ನೋಡಿಕೊಂಡವನು. ನನ್ನ ಪಟ್ಟಿ ಅದರಲ್ಲೇ ಇರಲಿ ಎಂದವನು. ನಾಗಪತಿ ಪ್ರಾಣ ಒತ್ತೆಯಿಟ್ಟು ಮುಚ್ಚಿದ್ದ ಬಾಗಿಲನ್ನು ನಾನು ಬೆಳಿಗ್ಗೆ ಒಂದೇ ತಾಸಿನಲ್ಲಿ ತೆರೆದು, ಬೀಗದ ಕೈಯನ್ನೂ ಅವನ ಕೈಗೇ ಕೊಟ್ಟು ಬಂದಿದ್ದೆ. ಎಂಥ ಜಾಣೆ ನಾನು!

ಅಬ್ಬಾನ ಫೋನು ಕಟ್ ಮಾಡಿ ನರ್ಮದಕ್ಕನಿಗೆ ಹಚ್ಚಿದೆ. ಉದ್ದಕ್ಕೆ ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮೂರನೆಯ ಸಲ ಎತ್ತಿದರು.

"ನರ್ಮದಕ್ಕ, ಎಲ್ಲಿದೀರಿ? ಶಕುಂತಲಮ್ಮನ ಮನೇಲೇ ಇದೀರಾ?"

"ಅಕ್ಕ ಕಾರಲ್ಲೇ ಮಲಗಿದಾಳೆ ಮೇಡಂ. ಪಾಪ, ಮೂರು ದಿನದಿಂದ ನಿದ್ದೆ ಇಲ್ಲ ಅಲ್ವಾ. ಒಂದು ಮಾತ್ರೆ ಕೊಟ್ಟೆ." ಅನೀಶನ ದನಿ. ಹಿಂದೆ ಗಾಳಿಯ ಸದ್ದು, ದೂರದಲ್ಲಿ ದನ ಕರೆಯುವ ಯಾರದೋ ಕೂಗು. ಅದು ಪೇಟೆಯ ಮನೆಯೊಳಗಿನ ಸದ್ದಾಗಿರಲಿಲ್ಲ.

"ಅನೀಶ್, ಲ್ಯಾಪ್‌ಟಾಪ್ ಎಲ್ಲಿ?"

"ನನ್ನ ತೊಡೆ ಮೇಲೇ ಇದೆ," ಎಂದ ಅವನು ಬಹಳ ಮರ್ಯಾದೆಯಿಂದ. "ನಿಮ್ಮ ಕೈಗುಣ ದೊಡ್ಡದು ಮೇಡಂ. ಈಗ ಚೆನ್ನಾಗಿ ಸ್ಟಾರ್ಟ್ ಆಗ್ತಿದೆ."